ಕರ್ತವ್ಯದ ಒತ್ತಡದಿಂದಾಗುವ ಆಘಾತಕ್ಕೆ ಪರಿಹಾರ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ನೌಕರನಿಗೆ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಮಾಲೀಕನು ಪರಿಹಾರ ನೀಡತಕ್ಕದ್ದೆಂದು 1923ರ ನೌಕರರ ಪರಿಹಾರ ಅಧಿನಿಯಮವು ವಿಧಿಸಿತ್ತು. ಈ ವಿಷಯವು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ 7ನೇ ಅಧ್ಯಾಯದಲ್ಲಿ ಅಡಕವಾಗಿದೆ. ಕೊಳವೆ ಮಾರ್ಗ, ಒಳಚರಂಡಿಗಳಲ್ಲಿ ದುಡಿಯುವವರೂ ವಾಹನ ಚಾಲಕರೂ ಇದರ ವ್ಯಾಪ್ತಿಗೆ ಬರುತ್ತಾರೆ. ಸ್ಥಳೀಯ ಸಂಸ್ಥೆಯ ಕರ್ತವ್ಯ ನಿರ್ವಹಣೆಯನ್ನು ಅದರ ವ್ಯವಹಾರವೆಂದೇ 1923ರ ಅಧಿನಿಯಮವು ಪರಿಗಣಿಸಿತ್ತು. ಆದುದರಿಂದ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದ ಮಾತ್ರಕ್ಕೆ ಪಂಚಾಯಿತಿಯ ಹೊಣೆ ಕಳೆಯುವುದಿಲ್ಲ.

ಕಾಲು ಮುರಿದರೆ ಎಲ್ಲರಿಗೂ ಕಾಣುತ್ತದೆ. ಕಣ್ಣಿಗೆ ಕಾಣದ ಆಘಾತದಲ್ಲಿಯೇ ತೊಡಕು. ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಓಡಿಸಿ, ದಾರಿಯಲ್ಲಿ ಅಸ್ವಸ್ಥನಾಗಿ ಮೃತಪಟ್ಟ ಚಾಲಕನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಪರಿಹಾರವನ್ನು ಎತ್ತಿಹಿಡಿಯಿತು. ಹೃದಯಾಘಾತದಿಂದ ಮೃತನಾದ ವಾಹನದ ಕ್ಲೀನರ್ ಒಬ್ಬನ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಕೆಲಸದ ಒತ್ತಡವೇ ಸಾವಿಗೆ ಕಾರಣವೆಂಬುದಕ್ಕೆ ಸಾಕ್ಷ್ಯವಿಲ್ಲವೆಂದು ಪರಿಹಾರವನ್ನು ನಿರಾಕರಿಸಿತ್ತು. ಕರ್ತವ್ಯದಲ್ಲಿದ್ದಾಗ ಮೃತಪಟ್ಟರೆಂಬುದಷ್ಟೇ ಸಾಲದು. ಕೆಲಸಕ್ಕೂ ಸಾವಿಗೂ ಇರುವ ಸಂಬಂಧ ತೋರಿಬರಬೇಕು.

ಈ ಸಂಬಂಧವನ್ನು ತೋರಿಸುವ ಕಾಗದವು ಬಹುಮಟ್ಟಿಗೆ ಪಂಚಾಯಿತಿ ಕಚೇರಿಯಲ್ಲಿಯೇ ಇರುತ್ತದೆ, ಅಥವಾ ಇರುವುದಿಲ್ಲ! ಬೆಳಿಗ್ಗೆ ಒಂದು ಸಹಿ ಪಡೆದು ಮುಚ್ಚಿಡುವ ಹಾಜರಿ ಪುಸ್ತಕವು ಇಲ್ಲಿ ನೆರವಿಗೆ ಬಾರದು. ಬೇಸಿಗೆಯಲ್ಲಿ ನೀರುಗಂಟಿಯು ಎಷ್ಟು ರಾತ್ರಿ ಪಂಪ್‌ಹೌಸಿಗೆ ಹೋದನು, ವಾರದ ರಜೆ ದೊರೆಯಿತೇ, ಎದೆನೋವೆಂದು ತಿಳಿಸಿದ ಮೇಲೂ ಕೆಲಸಕ್ಕೆ ಕಳುಹಿಸಲಾಯಿತೇ ಎಂಬುದು ದಿನಾಂಕ, ವೇಳೆ ಸಹಿತ ದಾಖಲಾಗಬೇಕು.

ಮಾನಸಿಕ ಕಾಯಿಲೆಯು ಔದ್ಯೋಗಿಕ ರೋಗಗಳ ಅನುಸೂಚಿಯಲ್ಲಿ ಸೇರಿಲ್ಲ. ಇದೊಂದು ಕೊರತೆಯೇ ಸರಿ. ಆದರೆ ನಿರ್ದಿಷ್ಟ ಅಪಘಾತದ ಗಾಯದಿಂದಲೇ ನೇರವಾಗಿ ಉಂಟಾದ ಕಾಯಿಲೆಗೆ ಪರಿಹಾರ ಕೋರಲು ಅವಕಾಶವಿದೆ. ವಿದ್ಯುತ್ ತಗುಲಿ ಬದುಕುಳಿದವನಿಗೆ ತಿಂಗಳು ಕಳೆದರೂ ನಿದ್ರೆ ಬಾರದೆ, ಸ್ವಿಚ್ ಮುಟ್ಟಲು ಕೈ ನಡುಗುತ್ತಿದ್ದರೆ, ಅದನ್ನು ಅಂಜುಬುರುಕತನವೆಂದು ತಳ್ಳಿಹಾಕದೆ ಕೂಡಲೇ ಸರ್ಕಾರಿ ವೈದ್ಯರಲ್ಲಿ ತಪಾಸಣೆ ಮಾಡಿಸಿ, ಅಪಘಾತದ ವಿವರವನ್ನು ಚಿಕಿತ್ಸಾ ಚೀಟಿಯಲ್ಲಿ ಬರೆಯಿಸತಕ್ಕದ್ದು.

ಮರಣ ಸಂಭವಿಸಿದಲ್ಲಿ ಮಾಸಿಕ ವೇತನದ ಅರ್ಧವನ್ನು ವಯೋಮಾನದ ಗುಣಕದಿಂದ ಗುಣಿಸಲಾಗುತ್ತದೆ. 40 ವರ್ಷದವರಿಗೆ ಗುಣಕ 184.17, ವೇತನ 12,000 ರೂ. ಇದ್ದಲ್ಲಿ ಪರಿಹಾರ 11,05,020 ರೂ. ಪಾವತಿಯು ಒಂದು ತಿಂಗಳು ಮೀರಿದರೆ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಶೇ. 50ರವರೆಗೆ ದಂಡವನ್ನೂ ವಿಧಿಸಬಹುದು. ಕುಟುಂಬದವರು ಎರಡು ವರ್ಷದೊಳಗೆ ಕ್ಲೇಮು ಅರ್ಜಿ ಸಲ್ಲಿಸಬೇಕೆಂಬುದನ್ನು ಆ ವಾರ್ಡಿನ ಸದಸ್ಯರು ಮನೆಗೇ ತೆರಳಿ ತಿಳಿಸುವುದು.