ವ್ಯಂಗ್ಯಚಿತ್ರ: ನಗೆ ಯಾವದು, ನಿಂದೆ ಯಾವದು?

ವರ್ತಮಾನಪತ್ರವು ಮನೆಗೆ ಬಂದೊಡನೆ ಮಕ್ಕಳ ಕಣ್ಣು ಮೊದಲು ಬೀಳುವದು ವ್ಯಂಗ್ಯಚಿತ್ರದ ಮೇಲೆ. ಚುನಾವಣೆಯ ಕಾಲದಲ್ಲಂತೂ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಿರಿಯರೂ ಅದನ್ನು ನೋಡಿ ನಗುವರು. ನಗುವದು ತಪ್ಪಲ್ಲ; ಆದರೆ ಯಾತಕ್ಕೆ ನಗುತ್ತೇವೆಂಬುದನ್ನು ಅರಿತು ನಗುವದು ಸುಶಿಕ್ಷಿತರ ಲಕ್ಷಣವು.

ಕನ್ನಡದಲ್ಲಿ ಈ ಕಲೆಗೆ ನೆಲೆಯನ್ನೊದಗಿಸಿದ ಪತ್ರಿಕೆಗಳಲ್ಲಿ 'ಕೊರವಂಜಿ'ಯು ಪ್ರಮುಖವಾದುದು. ವೈದ್ಯರಾದ ಡಾ. ಎಂ. ಶಿವರಾಂ ಅವರು, ಎಂದರೆ 'ರಾಶಿ'ಯವರು, 1942ರಲ್ಲಿ ಬೆಂಗಳೂರಿನಲ್ಲಿ ಇದನ್ನಾರಂಭಿಸಿದರು. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಇದಕ್ಕೆ ಚಿತ್ರಗಳನ್ನು ಬರೆದುಕೊಟ್ಟರು. ಮುಂದೆ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಅವರು ಚಿತ್ರಿಸಿದ 'ಶ್ರೀಸಾಮಾನ್ಯ'ನು ದೇಶಕ್ಕೆಲ್ಲ ಪರಿಚಿತನಾದನು. ಧೋತರ, ಚೌಕಳಿ ಕೋಟು, ಕನ್ನಡಕ ಧರಿಸಿದ ಈ ವೃದ್ಧನು ಮಂತ್ರಿಗಳ ಆಶ್ವಾಸನೆಗಳನ್ನು ಕೇಳುತ್ತ ಮೌನವಾಗಿ ನಿಲ್ಲುವನು. ಹೇಳಿದ್ದು ನಡೆಯಿತೇ ಎಂಬುದೇ ಆ ಮೌನದ ಪ್ರಶ್ನೆಯು.

ಹಾಸ್ಯವು ದಾರಿ ತಪ್ಪಿದರೆ ಏನಾಗುವದೆಂಬುದಕ್ಕೆ ಅಮೇರಿಕಾ ದೇಶದ ಇತಿಹಾಸವನ್ನು ನೋಡೋಣ. 1828ರ ಅಧ್ಯಕ್ಷರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ನರ ವಿರೋಧಿಗಳು ಅವರ ಪತ್ನಿ ರೇಚಲ್ ಅವರ ವಿವಾಹವನ್ನೇ ಪತ್ರಿಕೆಗಳಲ್ಲಿ ಹೀನಾಯಿಸಿದರು. ಜಾಕ್ಸನ್ನರು ಗೆದ್ದರು, ಆದರೆ ಅದೇ ಡಿಸೆಂಬರದಲ್ಲಿ ಆ ಸಾಧ್ವಿಯು ತೀರಿಕೊಂಡಳು. ಆ ನಿಂದೆಯೇ ಆಕೆಯ ಪ್ರಾಣ ತೆಗೆದುಕೊಂಡಿತೆಂದು ಜಾಕ್ಸನ್ನರು ನಂಬಿದ್ದರು. 1832ರಲ್ಲಿ ಅವರು ಬ್ಯಾಂಕಿನ ಮಸೂದೆಯನ್ನು ತಳ್ಳಿಹಾಕಿದ ಬಳಿಕ ಒಬ್ಬ ಚಿತ್ರಕಾರನು ಅವರನ್ನು ಕಿರೀಟಧಾರಿ ಅರಸನಂತೆ, ಹರಿದ ರಾಜ್ಯಘಟನೆಯನ್ನು ತುಳಿಯುವಂತೆ ಬರೆದನು. ಇದೂ ಕಟುವಾದ ಚಿತ್ರವೇ; ಆದರೆ ಕೇಳಿದ್ದು ಅಧಿಕಾರವನ್ನು ಅವರು ನಡೆಸಿದ ರೀತಿಯನ್ನು. ಮೊದಲಿನದು ಹೆಣ್ಣುಮಗಳೊಬ್ಬಳ ಮಾನವನ್ನು ಕೆಣಕಿತು. ಎರಡನೆಯದು ಪ್ರಜೆಗಳಿಗೆ ವಿಚಾರವನ್ನು ಕೊಟ್ಟಿತು.

ಇಂದು ಇಂಥ ಚಿತ್ರಗಳು ಸಂಪಾದಕರ ಕಣ್ಣಿಗೆ ಬೀಳದೆಯೇ ಮೊಬೈಲಿನಲ್ಲಿ ಮನೆಮನೆಗೆ ಬರುತ್ತಲಿವೆ. ಅವನ್ನು ಮುಂದಕ್ಕೆ ಕಳುಹಿಸುವವರು ನಾವೇ. ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಮ್ಮ ಸೂಚನೆಯಿಷ್ಟೇ: ಮಕ್ಕಳೊಡನೆ ಕುಳಿತು ಆ ಚಿತ್ರವನ್ನು ನೋಡಿರಿ, 'ಇದು ಮುಖಂಡನ ಕೆಲಸವನ್ನು ನಗುತ್ತದೆಯೋ, ಅವನ ರೂಪ, ಜಾತಿ, ಮನೆಯವರನ್ನೋ?' ಎಂದು ಕೇಳಿರಿ. ಮೊದಲನೆಯದಾದರೆ ಮನಸಾರೆ ನಕ್ಕು ವಿಚಾರ ಮಾಡಿರಿ. ಎರಡನೆಯದಾದರೆ ಅದು ನಿಮ್ಮ ಕೈಯಲ್ಲಿಯೇ ನಿಲ್ಲಲಿ.