ಕೌದಿಗೆ ಬೇಕಾದದ್ದು ಒಂದೇ ಅಳತೆಯಲ್ಲ, ಒಂದೇ ನೂಲು

ಹಳೆಯ ಕೌದಿಯೊಂದನ್ನು ಮಗುಚಿ ಹಾಸಿ ಅದರ ಹಿಂಬದಿ ನೋಡಬೇಕು. ಮೇಲ್ಬದಿಯಲ್ಲಿ ಇಳಕಲ್ ಸೀರೆಯ ದಡಿ, ಧೋತರದ ಅಂಚು, ಕುಪ್ಪಸದ ಖಣ, ಕೂಸಿನ ಅಂಗಿಯ ಹೂವು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಹೊಲಿದವಳ ಬುದ್ಧಿ ಕಾಣುವುದು ಮಾತ್ರ ಹಿಂದೆ, ಮಾಸಿದ ಸೀರೆಯ ಮೇಲೆ ಓಡಿದ ದಾರದ ಸಾಲಿನಲ್ಲಿ. ಉತ್ತರ ಕರ್ನಾಟಕದ ಹಲವು ಕೌದಿಗಳಲ್ಲಿ ಆ ಸಾಲು ಅಂಚಿನಿಂದ ಹೊರಟು, ಮೂಲೆಯಲ್ಲಿ ತಿರುಗಿ, ನಾಲ್ಕೂ ಬದಿ ಸುತ್ತಿ, ತುಸು ಒಳಗೆ ಸರಿದು ಮತ್ತೆ ಸುತ್ತುತ್ತ ನಡುವಿನಲ್ಲಿ ಮುಗಿಯುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಬಟ್ಟೆಯ ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡರೆ ಕೌದಿ ಉಳಿದೀತು ಎಂದು ನಂಬುವವರಲ್ಲಿ ನಾನೂ ಒಬ್ಬ. ಆದರೆ ಆ ಅದಲುಬದಲಿನ ನಿಯಮವನ್ನು ಹೊರಗಿನಿಂದ ತರಬಾರದು, ಈ ದಾರದ ಸಾಲಿನಿಂದಲೇ ಕಲಿಯಬೇಕು ಎಂಬುದು ನನ್ನ ವಾದ.

ಅಮೆರಿಕದ ಹೊಲಿಗೆ ಗುಂಪುಗಳಲ್ಲಿ ಪಟ್ಟಿ ಬದಲಾಯಿಸಿಕೊಳ್ಳುವ ಪದ್ಧತಿ ಬಹಳ ಜನಪ್ರಿಯ. ಪ್ರತಿಯೊಬ್ಬರೂ ತಮ್ಮ ಬಟ್ಟೆಯನ್ನು ಎರಡೂವರೆ ಇಂಚು ಅಗಲಕ್ಕೆ ಕತ್ತರಿಸಿ ಕೊಡುತ್ತಾರೆ, ಅಷ್ಟೇ ಸಂಖ್ಯೆಯ ಬೇರೆ ಬೇರೆ ಪಟ್ಟಿಗಳನ್ನು ಪಡೆಯುತ್ತಾರೆ. ಅಲ್ಲಿ ಅಳತೆ ಕಟ್ಟುನಿಟ್ಟು, ಅದಕ್ಕೆ ತಕ್ಕ ಕಾರಣವೂ ಇದೆ. ಅವರು ಮೊದಲು ಪಟ್ಟಿಗೆ ಪಟ್ಟಿ ಜೋಡಿಸಿ ಮೇಲ್ಪದರವನ್ನು ಪೂರ್ತಿ ಸಿದ್ಧಮಾಡಿಕೊಳ್ಳುತ್ತಾರೆ, ಆಮೇಲೆ ಅದರಡಿ ಹತ್ತಿಯ ಪದರ, ಕೆಳಬಟ್ಟೆ ಇಟ್ಟು ಹೊಲಿಯುತ್ತಾರೆ. ಎರಡೂ ಕಡೆ ಕಾಲು ಇಂಚು ಹೊಲಿಗೆಗೆ ಹೋಗಿ ಉಳಿಯುವುದು ಎರಡು ಇಂಚು. ನಲವತ್ತು ಪಟ್ಟಿ ಸೇರಿದರೆ ಎಂಬತ್ತು ಇಂಚು ಆಗಲೇಬೇಕು. ಒಬ್ಬರ ಕತ್ತರಿ ಕೂದಲೆಳೆಯಷ್ಟು ಸರಿದರೂ ಮುಂದಿನ ಕೂಡುಗೆರೆಗಳೆಲ್ಲ ಓರೆಯಾಗುತ್ತವೆ. ಕೌದಿ ಹುಟ್ಟುವ ಕ್ರಮವೇ ಬೇರೆ. ಕೆಳಗೆ ಸೀರೆ ಹಾಸಿ, ಅಂಚಿನಲ್ಲೊಂದು ತುಂಡು ಇಟ್ಟು, ಅದರ ಬದಿಯನ್ನು ಉಗುರಿನಿಂದ ಒಳಕ್ಕೆ ಮಡಿಚಿ, ಹೊಲಿಯುತ್ತ ಹೊಲಿಯುತ್ತಲೇ ಪಕ್ಕದಲ್ಲಿ ಮತ್ತೊಂದನ್ನು ಇಡುತ್ತಾರೆ. ತುಂಡು ಅಗಲವಾಗಿದ್ದರೆ ಮಡಿಕೆ ದೊಡ್ಡದಾಗುತ್ತದೆ, ಸಣ್ಣದಾಗಿದ್ದರೆ ಅದರಡಿಗೆ ಇನ್ನೊಂದು ಚೂರು ಸೇರುತ್ತದೆ. ಹೊಲಿಗೆ ಅಂಚಿನಿಂದ ನಡುವಿಗೆ ಸಾಗುವುದರಿಂದ ಬಟ್ಟೆಯ ಸಡಿಲವೂ ನಡುವಿಗೆ ಸರಿಯುತ್ತದೆ, ಕೊನೆಯಲ್ಲಿಡುವ ತುಂಡುಗಳು ಆ ಸಡಿಲವನ್ನು ನುಂಗಿಕೊಳ್ಳುತ್ತವೆ. ಅರ್ಧ ಕೌದಿ ಮುಗಿದ ಮೇಲೆ ನೆರೆಮನೆಯಿಂದ ಬಂದ ಚೂರಿಗೂ ಹೀಗೆ ಜಾಗವಿರುತ್ತದೆ. ಅಳತೆಯ ಶಿಸ್ತಿಲ್ಲದ ಕೆಲಸ ಎಂದು ಇದನ್ನು ಹಗುರಾಗಿ ನೋಡುವವರು ಆ ಶಿಸ್ತು ಮಡಿಕೆಯಲ್ಲಿ ಅಡಗಿರುವುದನ್ನು ಗಮನಿಸಿಲ್ಲ.

ಈ ಕ್ರಮವನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಅವರ ನೆರವಿನಿಂದ ಅವರದೊಂದು ಸಹಕಾರಿ ಗುಂಪು ಆರಂಭವಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆ ಕೌದಿಗಳ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೊರಚಾಚುವಂತೆ ಹೊಲಿದ ‘ಫೂಲ’ಗಳಿರುತ್ತವೆ. ಅವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಹೊದೆಯಲು, ಹಾಸಲು ಫೂಲ ಯಾವ ಉಪಯೋಗಕ್ಕೂ ಬರುವುದಿಲ್ಲ. ಆದರೂ ಅಂಗೈಯಷ್ಟೂ ಇಲ್ಲದ ಚೂರನ್ನು ಎಸೆಯದೆ ಇಟ್ಟುಕೊಂಡು, ಮಡಿಕೆಯ ಮೇಲೆ ಮಡಿಕೆ ಹಾಕಿ ಮೂಲೆಗೆ ಕೂರಿಸುತ್ತಾರೆ. ಚಿಂದಿಯನ್ನು ಬರೀ ಬಡತನದ ಲೆಕ್ಕಕ್ಕೆ ಹಾಕುವ ವಿವರಣೆಗಳಲ್ಲಿ ನನಗೆ ನಂಬಿಕೆ ಉಳಿಯದಿರುವುದು ಈ ಫೂಲದಿಂದಲೇ. ಬಡತನವೊಂದೇ ಹೊಲಿಸಿದ್ದರೆ ಕೌದಿ ಅಂಚಿಗೆ ಬಂದು ನಿಲ್ಲುತ್ತಿತ್ತು, ಅಂಚು ದಾಟಿ ಅಲಂಕಾರಕ್ಕೆ ಕೈ ಚಾಚುತ್ತಿರಲಿಲ್ಲ.

ಅಳತೆ ಬೇಡವೆಂದ ಮೇಲೆ ಗುಂಪು ಯಾವುದರ ಮೇಲೆ ಕಣ್ಣಿಡಬೇಕು? ನೂಲಿನ ಮೇಲೆ. ಹತ್ತಿಯ ಬಟ್ಟೆ ಉಗುರು ಗೀರಿದ ಮಡಿಕೆಯನ್ನು ಹಿಡಿದುಕೊಳ್ಳುತ್ತದೆ, ಪಾಲಿಸ್ಟರ್ ಜಾರಿ ಬಿಚ್ಚಿಕೊಳ್ಳುತ್ತದೆ. ಹೊಸ ಹತ್ತಿ ತೊಳೆದಾಗ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಒಂದೇ ಕೌದಿಗೆ ಹಾಕಿದರೆ ಮೊದಲ ಒಗೆತಕ್ಕೇ ಮೇಲ್ಮೈ ಸುಕ್ಕುಗಟ್ಟಿ ದಾರ ಎಳೆಯತೊಡಗುತ್ತದೆ. ಹತ್ತಾರು ಸಲ ಒಗೆದ ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ, ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟಿರುತ್ತದೆ, ಅದಕ್ಕೇ ಅದು ಹೊಸ ಬಟ್ಟೆಗಿಂತ ಮೇಲು. ಅನುಮಾನ ಬಂದರೆ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಬಹುದು: ಹತ್ತಿ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ನೂಲು ಒಂದೇ ಆದರೆ ಕೌದಿಗಳೂ ಒಂದೇ ಥರ ಕಂಡಾವು ಎಂಬ ಆತಂಕಕ್ಕೆ ಅಮೆರಿಕದ ಅಲಬಾಮದ ಜೀಸ್ ಬೆಂಡ್ ಪ್ರದೇಶದ ಅನುಭವ ಉತ್ತರ ಕೊಡುತ್ತದೆ. ಅಲ್ಲಿನ ಕಪ್ಪು ಮಹಿಳೆಯರು 1966ರಲ್ಲಿ ಕಟ್ಟಿಕೊಂಡ ಹೊಲಿಗೆ ಸಹಕಾರಿಗೆ 1972ರಲ್ಲಿ ಸಿಯರ್ಸ್ ಕಂಪನಿಯ ಕಾರ್ಡುರಾಯ್ ದಿಂಬುಗವಸಿನ ಕೆಲಸ ಸಿಕ್ಕಿತು. ಉಳಿದ ಚೂರುಗಳು ಮನೆಮನೆಗೆ ಹಂಚಿಹೋದವು. ಎಲ್ಲರ ಕೈಗೂ ಬಂದದ್ದು ಅದೇ ಗೆರೆಗೆರೆಯ ದಪ್ಪ ಬಟ್ಟೆ, ಅದೇ ಕೆಲವು ಬಣ್ಣ. ಆದರೂ ಅದರಿಂದ ಹೊಲಿದ ಹೊದಿಕೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ.

ನಮ್ಮ ಕಡೆ ಅದಲುಬದಲು ಹೊಸದಾಗಿ ಶುರುವಾಗಬೇಕಿಲ್ಲ, ಅದು ಉಡಿ ತುಂಬುವಾಗ ನಡೆದೇ ಇದೆ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಕೊಟ್ಟ ಬ್ಲೌಸ್‌ಪೀಸು ಹೊಲಿಸಿಕೊಳ್ಳಲು ಬಾರದೆ ಟ್ರಂಕು ಸೇರಿ, ಮುಂದಿನ ಉಡಿಯಲ್ಲಿ ಇನ್ನೊಂದು ಮನೆಗೆ ಹೋಗುತ್ತದೆ. ಹಾಗೆ ಸುತ್ತುವ ಬಟ್ಟೆ ತೆಳು ಪಾಲಿಸ್ಟರ್ ಆಗಿರುವುದೇ ತೊಡಕು. ಅದರ ಜಾಗಕ್ಕೆ ನೂಲಿನ ತುಂಡು ಬಂದರೆ ಜಾಲವಂತೂ ಸಿದ್ಧವಾಗಿದೆ. ಆದರೆ ಉಡಿ ತುಂಬುವ ಸಾಲಿನಿಂದ ವಿಧವೆಯರನ್ನು ಹೊರಗಿಟ್ಟ ರೂಢಿ ಈ ಗುಂಪಿನೊಳಗೆ ಬರಕೂಡದು. ಕೌದಿಯ ಕೈಚಳಕ ಹೆಚ್ಚು ಉಳಿದಿರುವುದು ಮುದುಕಿಯರಲ್ಲಿ, ಅವರಲ್ಲಿ ಬಹಳ ಮಂದಿ ಗಂಡನನ್ನು ಕಳೆದುಕೊಂಡವರು. ಹಳೆಯ ಸೀರೆಗೆ ಇನ್ನೊಬ್ಬ ಗಿರಾಕಿಯೂ ಇದ್ದಾಳೆ, ಓಣಿಗೆ ಬಂದು ಬಟ್ಟೆಗೆ ಸ್ಟೀಲಿನ ಬಾಂಡೆ ಕೊಡುವವಳು. ಆಕೆಯ ಬುಟ್ಟಿಗೆ ಪಾಲಿಸ್ಟರ್ ಹೋಗಲಿ, ಹತ್ತಿ ಮನೆಯಲ್ಲೇ ಉಳಿಯಲಿ.

ಅಗ್ಗದ ಮಿಂಕ್ ಬ್ಲಾಂಕೆಟ್ಟು, ಸೊಲ್ಲಾಪುರದ ಚಾದರು ಇರುವಾಗ ಕೌದಿ ಯಾರಿಗೆ ಬೇಕು ಎಂಬುದು ಮೊದಲ ಆಕ್ಷೇಪ. ಶಹಾಬಾದಿನ ಫರಸಿ ಹಾಸಿದ ನೆಲ ಮಾಗಿಯಲ್ಲಿ ತಣ್ಣಗೆ ಕೊರೆಯುತ್ತದೆ, ಅಲ್ಲಿ ಬೇಕಾದದ್ದು ಪದರುಪದರಾಗಿ ದಪ್ಪನೆಯ ಹಾಸಿಗೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಮೈಬೆವರು ಹೀರುವುದು ಹತ್ತಿಯೇ ಹೊರತು ಮಿಂಕ್ ಅಲ್ಲ. ಕಂಡವರು ಉಟ್ಟ ಬಟ್ಟೆ, ಸತ್ತವರ ಬಟ್ಟೆ ನಮಗೆ ಬೇಡ ಎಂಬ ಹಿಂಜರಿಕೆ ಇನ್ನೂ ಆಳವಾದದ್ದು, ಅದರೊಳಗೆ ಜಾತಿಯ ಮೈಲಿಗೆಯೂ ಕೂತಿದೆ. ಸತ್ತವರ ಬಟ್ಟೆ ಒಲ್ಲೆ ಎನ್ನುವವರನ್ನು ಒತ್ತಾಯಿಸಬೇಕಾಗಿಲ್ಲ, ಟೇಲರ್ ಅಂಗಡಿಯ ನೂಲಿನ ಕತ್ತರಿಕೆ ಸಾಕಷ್ಟಿದೆ, ಬಿಸಿನೀರಿನಲ್ಲಿ ಒಮ್ಮೆ ಕುಗ್ಗಿಸಿಕೊಂಡರಾಯಿತು. ಜಾತಿಯ ಹಿಂಜರಿಕೆಗೆ ಮಾತ್ರ ರಿಯಾಯಿತಿ ಕೊಡಲು ನಾನು ಸಿದ್ಧನಿಲ್ಲ. ಚಿಂಚೋಳಿಯ ತಾಂಡಾದ ಲಂಬಾಣಿ ಹೆಂಗಸು ಹೊಲಿದ ಅಂಚನ್ನು ಮೆಚ್ಚಿ, ಆಕೆ ಕೊಟ್ಟ ಬಟ್ಟೆಯನ್ನು ಬೇಡವೆನ್ನುವ ಗುಂಪು ಗುಂಪೇ ಅಲ್ಲ.

ಮನೆಯವರೇ ಹೊಲಿದುಕೊಂಡರೆ ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುವ ಗೊಂಧಳಿ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಲುಬದಲಾಗುವುದು ಬಟ್ಟೆ, ಹೊಲಿಗೆಯಲ್ಲ. ಒಳ್ಳೆಯ ನೂಲಿನ ತುಂಡು ಕೂಡಿಬಿದ್ದ ಮನೆಗೆ ಹೊಲಿಯುವ ಕೈ ಬೇಕೇ ಬೇಕು, ಆ ಕೂಲಿಯನ್ನು ಗುಂಪು ಮೊದಲೇ ಗೊತ್ತುಮಾಡಿ, ಚೌಕಾಸಿಗೆ ಬಿಡದೆ ಕೊಡಬೇಕು. ಬಟ್ಟೆ ಊರಿಂದೂರಿಗೆ ಸಾಗುವ ದಾರಿಯೂ ಕಷ್ಟದ್ದಲ್ಲ: ಶಹಾಬಾದ ಮುಂಬೈ ಮಾರ್ಗದ ಮೇಲಿದೆ, ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದಲ್ಲಿ ಬಿದ್ದ ಹಳಿ ಚಿತ್ತಾಪುರ, ಸೇಡಂ ಹಾದೇ ಹೋಗುತ್ತದೆ. ಚಿಂಚೋಳಿಗಷ್ಟೇ ಬಸ್ಸು ಹಿಡಿಯಬೇಕು. 2023ರಲ್ಲಿ ಘೋಷಣೆಯಾದ ಕಲಬುರಗಿಯ ಪಿಎಂ ಮಿತ್ರ ಜವಳಿ ಪಾರ್ಕಿನಲ್ಲಿ ಸಿದ್ಧ ಉಡುಪಿನ ಕತ್ತರಿ ಆಡತೊಡಗಿದ ದಿನ ಬೀಳುವ ಹತ್ತಿಯ ಚೂರು ಗುಜರಿಗೆ ಹೋಗುವ ಮೊದಲು ಈ ಐದು ಊರುಗಳ ಗುಂಪುಗಳಿಗೆ ತೂಕದ ಲೆಕ್ಕದಲ್ಲಿ ಸಿಗುವಂತೆ ಈಗಲೇ ಕೇಳಿಡಬೇಕು.