ಸಿಗಲಿಲ್ಲ ಎಂದೂ ಬರೆಯಬೇಕಾದ ಆಟ

ಹೋದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬವೊಂದರ ಮಗ ಜರ್ಮನಿಯಿಂದ ಊರಿಗೆ ಬಂದಿದ್ದ. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ತಾಳವಾಡಿ ಕಡೆ ಬರುವವರ ಚೀಲದಲ್ಲಿ ಚಾಕಲೇಟು ಇರುವುದು ವಾಡಿಕೆ. ಇವನ ಚೀಲದಲ್ಲಿ ಅದರ ಜತೆಗೆ ಹಳೆಯ ಕಾಲದ ಫಿಲ್ಮ್ ರೋಲಿನ ಪುಟ್ಟ ಡಬ್ಬಿಯೊಂದೂ ಇತ್ತು. ಒಳಗೆ ಬೆರಳಗಲದ ಕಾಗದದ ಸುರುಳಿ, ಅದರಲ್ಲಿ ಬರೆಯಲು ಖಾಲಿ ಗೆರೆಗಳು. “ಫಾದರ್, ಇಂಥ ಡಬ್ಬಿಗಳನ್ನು ನಾವು ಕಾಡಿನಲ್ಲಿ ಹುಡುಕುತ್ತೇವೆ” ಎಂದ. ಓದಿ ಎಂಜಿನಿಯರ್ ಆದವನು ರಜಾದಿನಗಳಲ್ಲಿ ಮರದ ಪೊಟರೆಗೆ ಕೈ ಹಾಕುತ್ತಾನೆಂದು ಅವನ ತಾಯಿಗೆ ಸ್ವಲ್ಪ ಮುಜುಗರವೇ ಆಯಿತು. ನಾವೂ ನಕ್ಕೆವು.

ಆದರೆ ಅವನು ಮೊಬೈಲಿನಲ್ಲಿ ತೋರಿಸಿದ ಪಟ್ಟಿ ನೋಡಿ ನಗು ನಿಂತಿತು. ಕೆಲವು ಕಡೆ ನಗುವ ಹಳದಿ ಮುಖ, ಅಂದರೆ ಡಬ್ಬಿ ಸಿಕ್ಕಿದೆ. ಕೆಲವು ಕಡೆ ಅಳುವ ನೀಲಿ ಮುಖ. ಹೋಗಿ ಹುಡುಕಿದೆ, ಸಿಗಲಿಲ್ಲ ಎಂದು ಅವನೇ ಎಲ್ಲರಿಗೂ ಕಾಣುವಂತೆ ಬರೆದುಕೊಂಡದ್ದು. “ಸಿಗದಿದ್ದರೆ ಸುಮ್ಮನಿರಬಾರದೇ?” ಎಂದು ಕೇಳಿದೆವು. “ಬರೆಯದಿದ್ದರೆ ಡಬ್ಬಿ ಕಳೆದುಹೋಗಿರುವುದು ಇಟ್ಟವರಿಗೆ ಗೊತ್ತಾಗುವುದು ಹೇಗೆ?” ಎಂದು ಅವನು ತಿರುಗಿ ಕೇಳಿದ. ಆ ಉತ್ತರದಿಂದಲೇ ಈ ಲೇಖನ ಹುಟ್ಟಿತು.

ಆಟದ ಹೆಸರು ಜಿಯೋಕ್ಯಾಶಿಂಗ್. ಅದು ಹುಟ್ಟಿದ ದಿನವನ್ನು ಕರಾರುವಾಕ್ಕಾಗಿ ಹೇಳಬಹುದು. ಅಮೆರಿಕದ ಸೇನೆ ನಡೆಸುವ ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಸಾರ್ವಜನಿಕರ ಪಾಲಿಗೆ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಯಂತ್ರ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ 100 ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ಬೆರಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆ ನಡುರಾತ್ರಿ ಜಗತ್ತಿನ ಜಿಪಿಎಸ್ ಯಂತ್ರಗಳೆಲ್ಲ ಒಮ್ಮೆಲೇ ಹತ್ತು ಪಟ್ಟು ಚುರುಕಾದವು. ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೀಟನ್ನು ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಪ್ರಕಟಿಸಿದರು. ಒಳಗೆ ಪುಸ್ತಕ, ವಿಡಿಯೋ, ಸಾಫ್ಟ್‌ವೇರ್, ಒಂದಿಷ್ಟು ಹಣ, ಕವಣೆ, ಒಂದು ಬೀನ್ಸ್ ಡಬ್ಬ. ಜತೆಗೆ ನೋಟ್ ಪುಸ್ತಕ, ಪೆನ್ಸಿಲ್. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬುದಷ್ಟೇ ನಿಯಮ. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಪತ್ತೆಹಚ್ಚಿದರು. ಅದೇ ವರ್ಷ ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಎಂಬವರು ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣವನ್ನು ಆರಂಭಿಸಿದಾಗ ಪಟ್ಟಿಯಲ್ಲಿದ್ದದ್ದು 75 ಡಬ್ಬಿಗಳು. 2017ರ ಹೊತ್ತಿಗೆ ಅವು 30 ಲಕ್ಷ ದಾಟಿದವು. ಮೊದಲ ಬಕೀಟು ಇದ್ದ ಜಾಗದಲ್ಲಿ 2003ರಲ್ಲಿ ಒಂದು ಫಲಕ ನೆಟ್ಟಿದ್ದಾರೆ.

ಉಪಗ್ರಹವಿಲ್ಲದ ಕಾಲದಲ್ಲೂ ಇದಕ್ಕೊಬ್ಬ ಅಣ್ಣನಿದ್ದ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟರು. ಅಲ್ಲಿಯವರೆಗೆ ನಡೆದು ತಲುಪಿದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು.

ಮೊದಲ ಬಕೀಟಿನಲ್ಲಿದ್ದ ಬೀನ್ಸ್ ಡಬ್ಬಕ್ಕೆ ಇಂದು ಪ್ರವೇಶವಿಲ್ಲ. ತಿಂಡಿ ಪದಾರ್ಥ ಇಡಕೂಡದು, ಪ್ರಾಣಿಗಳು ವಾಸನೆ ಹಿಡಿದು ಬಂದು ಡಬ್ಬಿ ಕಚ್ಚುತ್ತವೆ. ಚಾಕು, ಪಟಾಕಿ, ಮದ್ಯ ಇಡಕೂಡದು, ಮಕ್ಕಳೂ ತೆರೆಯುವ ಡಬ್ಬಿ ಅದು. ನೆಲ ಅಗೆದು ಹೂಳಕೂಡದು. ಜಾಗದ ಒಡೆಯರ ಅನುಮತಿ ಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ 161 ಮೀಟರಾದರೂ ಅಂತರ ಬೇಕು. ಈ ವಿಚಿತ್ರ ಅಂಕಿ ಎಲ್ಲಿಯದೆಂದರೆ ಅದು ಒಂದು ಮೈಲಿಯ ಹತ್ತನೇ ಒಂದು ಭಾಗ. ಹೊಸ ಡಬ್ಬಿ ಪ್ರಕಟವಾಗುವ ಮೊದಲು ಸ್ವಯಂಸೇವಕ ಪರಿಶೀಲಕರೊಬ್ಬರು ಇದನ್ನೆಲ್ಲ ನೋಡುತ್ತಾರೆ.

ಇಷ್ಟು ಬರೆದಿಟ್ಟ ನಿಯಮ. ಬರೆಯದ ಮರ್ಯಾದೆ ಇದಕ್ಕಿಂತ ದೊಡ್ಡದು. ಒಂದು ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಇಡಬೇಕು. ಹೊಳೆಯುವ ಗೋಲಿ ಎತ್ತಿಕೊಂಡು ಹರಿದ ಬಸ್ ಟಿಕೆಟ್ ಹಾಕುವವರೂ ಇದ್ದಾರಂತೆ, ಅವರ ಬಗ್ಗೆ ನಮ್ಮ ಹುಡುಗ ಬಹಳ ಕಟುವಾಗಿ ಮಾತಾಡಿದ. ಮುಚ್ಚಳ ಬಿಗಿಯಾಗಿ ಹಾಕಬೇಕು, ಮಳೆನೀರು ಹೊಕ್ಕರೆ ಪುಸ್ತಕ ಮುದ್ದೆಯಾಗುತ್ತದೆ. ಎಲ್ಲಿತ್ತೋ ಅಲ್ಲಿಯೇ, ಹೇಗಿತ್ತೋ ಹಾಗೆಯೇ ಇಡಬೇಕು. ಇದಕ್ಕಿಂತ ಚೆನ್ನಾಗಿ ಅಡಗಿಸುತ್ತೇನೆಂದು ಸ್ವಂತ ಬುದ್ಧಿ ಓಡಿಸಿದರೆ ಮುಂದಿನವನು ಕೆಟ್ಟ. ಆಟ ತಿಳಿಯದ ದಾರಿಹೋಕರ ಎದುರು ತೆಗೆಯಬಾರದು. ಅಂಥವರನ್ನು ಇವರು ‘ಮಗಲ್’ ಎನ್ನುತ್ತಾರೆ, ಹ್ಯಾರಿ ಪಾಟರ್ ಕಥೆಯಲ್ಲಿ ಮಾಂತ್ರಿಕರಲ್ಲದವರಿಗೆ ಇರುವ ಹೆಸರು. ಹೋದ ದಾರಿಯಲ್ಲಿ ಕಸ ಕಂಡರೆ ಹೆಕ್ಕಿ ತರುವ ಪದ್ಧತಿಯೂ ಉಂಟು; 2002ರಿಂದ ಅದು ಒಂದು ಚಳವಳಿಯಾಗಿಯೇ ನಡೆದಿದೆ.

ಗುಟ್ಟು ಒಡೆಯಬಾರದು ಎಂಬುದಂತೂ ಧರ್ಮದಂತೆ. ಡಬ್ಬಿಯ ಪುಟದಲ್ಲಿ ಒಂದು ಸುಳಿವು ಇರುತ್ತದೆ, ಆದರೆ ಅದನ್ನು ತಿರುಚಿ ಬರೆದಿರುತ್ತಾರೆ. ಇಂಗ್ಲಿಷಿನ 26 ಅಕ್ಷರಗಳನ್ನು ಸರಿಯಾಗಿ ಎರಡು ಪಾಲು ಮಾಡಿ, ‘ಎ’ ಬದಲು ‘ಎನ್’, ‘ಬಿ’ ಬದಲು ‘ಓ’, ಹೀಗೆ 13 ಮನೆ ಮುಂದಿನ ಅಕ್ಷರ. ಬೇಕಾದವರು ಒಂದು ಗುಂಡಿ ಒತ್ತಿ ಓದಬಹುದು. ಬೇಡದವರ ಕಣ್ಣಿಗೆ ಅಕಸ್ಮಾತ್ತಾಗಿಯೂ ಬೀಳಬಾರದು, ಅಷ್ಟೇ ಉದ್ದೇಶ. ನಮ್ಮ ವರ್ಣಮಾಲೆಯ 49 ಅಕ್ಷರಗಳನ್ನು ಹೀಗೆ ಸಮ ಪಾಲು ಮಾಡಲು ಹೋಗಿ ಒಂದು ಸಂಜೆ ಕಳೆದೆವು. ಒಂದು ಅಕ್ಷರ ಸದಾ ಅನಾಥವಾಗಿ ಉಳಿಯುತ್ತದೆ.

ಈಗ ನಮ್ಮನ್ನು ಹಿಡಿದು ನಿಲ್ಲಿಸಿದ ವಿಷಯಕ್ಕೆ ಬರೋಣ. ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ. ಒಂದು, ಹುಡುಕುವುದು ಎಷ್ಟು ಕಷ್ಟ. ಇನ್ನೊಂದು, ಅಲ್ಲಿಗೆ ತಲುಪುವ ನೆಲ ಎಷ್ಟು ಕಷ್ಟ. ಎರಡೂ ಒಂದರಿಂದ ಐದರವರೆಗೆ, ಅರ್ಧರ್ಧ ಮೆಟ್ಟಿಲಿನಲ್ಲಿ. ಒಟ್ಟು 9ಕ್ಕೆ 9, ಅಂದರೆ 81 ಜೋಡಿಗಳಾಗುತ್ತವೆ. 81ನ್ನೂ ಮುಗಿಸಿ ಚೌಕ ತುಂಬಿಸುವುದು ಕೆಲವರ ಛಲ. ನೆಲ ಐದು ಎಂದರೆ ದೋಣಿಯೋ ಹಗ್ಗವೋ ಬೇಕು. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಯಾತ್ರಿಕರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಒಂದನ್ನು ಇಟ್ಟರು. ಅದಕ್ಕೆ ಐದಕ್ಕೆ ಐದು ಕೊಟ್ಟಿದ್ದಾರೆ, ಯಾರೂ ತಕರಾರು ತೆಗೆಯಲಾರರು.

ಅಂಕ ಕೊಡುವವರು ಯಾರು? ಇಟ್ಟವರೇ. ತನ್ನ ಪ್ರಶ್ನೆಪತ್ರಿಕೆ ಎಷ್ಟು ಕಠಿಣವೆಂದು ಮೇಷ್ಟ್ರೇ ಹೇಳಿದಂತೆ. ಇಟ್ಟವರಿಗೆ ಅದು ಎಲ್ಲಿದೆ ಎಂಬುದು ಮೊದಲೇ ಗೊತ್ತು, ಕಾಲಿನಲ್ಲಿ ಬಲವೂ ಇದೆ. ಆದ್ದರಿಂದ ಅಂಕ ತಪ್ಪುವುದು ಸುಲಭ. ದಾರಿ ಎಷ್ಟು ದೂರ, ಏರು ಇದೆಯೇ, ಮುಳ್ಳುಪೊದೆ ಇದೆಯೇ ಎಂದು ಒಂದೊಂದಾಗಿ ಕೇಳಿ ಅಂಕ ಹೇಳುವ ಪ್ರಶ್ನಾವಳಿಯನ್ನು ಹವ್ಯಾಸಿಗಳೇ ಮಾಡಿಕೊಂಡದ್ದು ಇದಕ್ಕಾಗಿಯೇ. ಆ ಪ್ರಶ್ನಾವಳಿಯ ಒಂದು ಪ್ರಶ್ನೆ: ಗಾಲಿಕುರ್ಚಿಯಲ್ಲಿ ಕುಳಿತವರು ತಲುಪಬಲ್ಲರೇ? ಹೌದಾದರೆ ಮಾತ್ರ ನೆಲಕ್ಕೆ ‘ಒಂದು’. ನಾಲ್ಕು ಮೆಟ್ಟಿಲಿದ್ದರೂ ಅದು ಒಂದಲ್ಲ, ಕಡಿಮೆಯೆಂದರೆ ಒಂದೂವರೆ. ನಡೆಯಬಲ್ಲವರಿಗೆ ಆ ಅರ್ಧ ಅಂಕ ಕಾಣುವುದೇ ಇಲ್ಲ. ಗಾಲಿಕುರ್ಚಿಯವರಿಗೆ ಅದು ಇಡೀ ದಿನ. ನಲವತ್ತು ಕಿಲೋಮೀಟರ್ ಬಂದು, ನಾಲ್ಕು ಮೆಟ್ಟಿಲ ಕೆಳಗೆ ನಿಂತು, ಹಿಂದಿರುಗಬೇಕು.

ಅದನ್ನು ಕೇಳಿದ ಸಂಜೆ ನಾವು ಹೊರಗೆ ಬಂದು ನಮ್ಮ ದೇವಾಲಯದ ಮೆಟ್ಟಿಲು ಎಣಿಸಿದೆವು. ಏಳು. ಆರು ವರ್ಷ ದಿನವೂ ಹತ್ತಿ ಇಳಿದ ನಮಗೆ ಏಳೆಂದು ಗೊತ್ತಿರಲಿಲ್ಲ. ಹಿರಿಯರೊಬ್ಬರು ಎರಡು ವರ್ಷಗಳಿಂದ ಭಾನುವಾರದ ಬಲಿಪೂಜೆಗೆ ಬಂದು ಹೊರಗೆ ಬೇವಿನಮರದ ಕೆಳಗೆ ಕುಳಿತುಕೊಳ್ಳುತ್ತಿದ್ದರು. ಅವರಿಗೆ ಗಾಳಿ ಇಷ್ಟವೆಂದು ತಿಳಿದು, ಪರಮಪ್ರಸಾದವನ್ನು ಅಲ್ಲಿಗೇ ಕೊಂಡೊಯ್ದು ಕೊಡುತ್ತಿದ್ದೆವು. ಕೇಳಿದಾಗ ಮೊಣಕಾಲು ಮುಟ್ಟಿ ತೋರಿಸಿ ನಕ್ಕರು. ಪಾಲನಾ ಮಂಡಳಿಯಲ್ಲಿ ಮಾತಾಡಿ ಪಕ್ಕದ ಬಾಗಿಲಿಗೆ ಇಳಿಜಾರು ಕಟ್ಟಿಸಿದ್ದೇವೆ. ತುಸು ಕಡಿದಾಗಿ ಬಂದಿದೆ, ಒಬ್ಬರು ಹಿಂದಿನಿಂದ ಹಿಡಿಯಬೇಕು. ಯುವಕರು ಅದಕ್ಕೂ ‘ಒಂದು’ ಕೊಡಲು ಒಪ್ಪುತ್ತಿಲ್ಲ.

ಇನ್ನೊಂದು ತುದಿಯ ಅಂಕಗಳ ವಿಷಯ ಗಂಭೀರ. 2018ರ ಜೂನ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ನೆಲದಡಿಯ ನೀರಿನ ಸುರಂಗವೊಂದರೊಳಗೆ ಡಬ್ಬಿ ಹುಡುಕಲು ನಾಲ್ವರು ಇಳಿದಿದ್ದರು. ಮೇಲೆ ಬಿರುಮಳೆ ಬಂತು, ಸುರಂಗಕ್ಕೆ ಒಮ್ಮೆಲೇ ನೀರು ನುಗ್ಗಿತು, ಇಬ್ಬರು ತೀರಿಕೊಂಡರು. ನೆಲದ ಅಂಕ ಒಣ ಹವೆಯ ಮಾತು; ಮೋಡ ನೋಡುವ ಕೆಲಸ ಹೋಗುವವರದೇ. ಅಂಕ ಜಾಸ್ತಿಯಿದ್ದಷ್ಟೂ ಕೆಲವರಿಗೆ ಆಸೆ ಜಾಸ್ತಿಯಾಗುತ್ತದೆ ಎಂಬುದನ್ನು ಮಕ್ಕಳು ಹೊರದೇಶದಲ್ಲಿರುವ ತಂದೆತಾಯಿಯರು ತಿಳಿದಿರಲಿ. ಒಂಟಿಯಾಗಿ ಹೋಗಬೇಡ ಎಂದು ಒಮ್ಮೆ ಹೇಳಿ.

ತಾಣದ ಚಮತ್ಕಾರಗಳು ಬೇಕಾದಷ್ಟಿವೆ. ಪ್ರತಿ ಡಬ್ಬಿಗೂ ‘ಜಿಸಿ’ ಎಂದು ಆರಂಭವಾಗುವ ಗುರುತು ಉಂಟು. ಮೊದಲಿನ ಲೆಕ್ಕ ತುಂಬಿಹೋದಾಗ ಅಂಕಿಗಳ ಜತೆ ಹೆಚ್ಚು ಅಕ್ಷರಗಳನ್ನು ಸೇರಿಸಿಕೊಂಡರು, ಆದರೆ ಐ, ಎಲ್, ಓ, ಎಸ್, ಯು ಈ ಐದನ್ನು ಬಿಟ್ಟರು; ಕೈಬರಹದಲ್ಲಿ ಒಂದು, ಸೊನ್ನೆ, ಐದುಗಳಂತೆ ಕಂಡು ಗೊಂದಲ ಆಗುವಂಥವೇ ಅವುಗಳಲ್ಲಿ ಹೆಚ್ಚು. ಜಾಗವನ್ನು ಬರೆಯುವ ಕ್ರಮವೂ ಬೇರೆ. ಶಾಲೆಯಲ್ಲಿ ನಾವು ಕಲಿತದ್ದು ಡಿಗ್ರಿ, ನಿಮಿಷ, ಸೆಕೆಂಡು. ಇಲ್ಲಿ ಸೆಕೆಂಡಿಲ್ಲ, ನಿಮಿಷದ ದಶಾಂಶ. ಮೊದಲ ಬಕೀಟಿನ ಅಕ್ಷಾಂಶ 45 ಡಿಗ್ರಿ 17.460 ನಿಮಿಷ. ಇದನ್ನು 17 ನಿಮಿಷ 46 ಸೆಕೆಂಡು ಎಂದು ಓದಿದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಹುಡುಕುತ್ತಿರುತ್ತೀರಿ.

2010ರ ಕೊನೆಯಲ್ಲಿ ಮೆಚ್ಚುಗೆಯ ಅಂಕವೊಂದು ಬಂತು. ಹಣ ಕಟ್ಟಿದ ಸದಸ್ಯರು ಹತ್ತು ಡಬ್ಬಿ ಕಂಡರೆ ಒಂದಕ್ಕೆ ಮೆಚ್ಚುಗೆ ಕೊಡಬಹುದು. ಈ ಜಿಪುಣತನ ನಮಗೆ ಇಷ್ಟವಾಯಿತು. ಎಲ್ಲಕ್ಕೂ ‘ಸೂಪರ್’ ಎನ್ನುವ ಕಾಲದಲ್ಲಿ ಹತ್ತರಲ್ಲಿ ಒಂದನ್ನು ಆರಿಸುವುದು ಸುಲಭವಲ್ಲ. ಎಣಿಕೆಯ ಹುಚ್ಚಿಗೆ ಮಾತ್ರ ಮದ್ದಿಲ್ಲ. ಡಬ್ಬಿಯೇ ಇಲ್ಲದೆ ಜಾಗ ನೋಡಿ ಬರೆಯಬೇಕಾದ ಬಗೆಯದನ್ನು ಮನೆಯ ಸೋಫಾದಲ್ಲೇ ಕುಳಿತು ‘ಸಿಕ್ಕಿತು’ ಎಂದು ಬರೆಯುವವರಿದ್ದಾರೆ. ನಿಜವಾಗಿ ಹೋದವರಲ್ಲೂ ಎಷ್ಟೋ ಜನ ‘ಟಿಎಫ್‌ಟಿಸಿ’ ಎಂಬ ನಾಲ್ಕು ಅಕ್ಷರ ಒತ್ತಿ ಮುಗಿಸುತ್ತಾರೆ. ಡಬ್ಬಿ ಇಟ್ಟದ್ದಕ್ಕೆ ವಂದನೆ ಎಂದು ಅರ್ಥ. ಮೂರು ವಾರ ಕಷ್ಟಪಟ್ಟು ಜಾಗ ಹುಡುಕಿ ಇಟ್ಟವರಿಗೆ ಅದು ಉಪ್ಪಿಲ್ಲದ ಸಾರು.

ಇಂಗ್ಲೆಂಡಿನಲ್ಲಿ ‘ಚರ್ಚ್ ಮೈಕ್ರೊ’ ಎಂಬ ಸರಣಿಯಲ್ಲಿ ಸಾವಿರಾರು ಡಬ್ಬಿಗಳು ದೇವಾಲಯಗಳ ಆಸುಪಾಸಿನಲ್ಲಿವೆ. ಎಷ್ಟೋ ಸಲ ಅಂಗಳದ ಫಲಕದಲ್ಲಿನ ಇಸವಿಗಳನ್ನು ಓದಿ ಲೆಕ್ಕ ಹಾಕಿದರಷ್ಟೇ ಡಬ್ಬಿಯ ಜಾಗ ತಿಳಿಯುವುದು. ಪೂಜೆಗೆ ಬಾರದವರೂ ಕಟ್ಟಡದ ಇತಿಹಾಸ ಓದಿ ಹೋಗುತ್ತಾರೆ. ಮದುವೆ, ಶವಸಂಸ್ಕಾರ ನಡೆಯುವಾಗ ಹುಡುಕಬಾರದೆಂಬ ತಿಳಿವಳಿಕೆ ಅಲ್ಲಿಯೂ ಇದೆ.

ನಮ್ಮ ಕಡೆ ಆಡಬಹುದೇ ಎಂದು ಯುವಕರು ಕೇಳಿದರು. ಸತ್ಯಮಂಗಲದ ಕಾಡು 2013ರಿಂದ ಹುಲಿ ಮೀಸಲು ಪ್ರದೇಶ, ಒಳಗೆ ಕಾಲಿಡುವಂತಿಲ್ಲ. ಐದು ಅಂಕದ ಪಟ್ಟಿಯಲ್ಲಿ ಆನೆಗೆ ಅಂಕವೂ ಇಲ್ಲ. ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳ ಮಾತೇ ಬೇಡ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ ಎಂದು ದಿನವಿಡೀ ಸಾರುವ ನಾಡು ನಮ್ಮದು. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಯಾರೋ ಇಟ್ಟಿದ್ದ ಇಂಥ ಡಬ್ಬಿಯನ್ನು ಬಾಂಬೆಂದು ಶಂಕಿಸಿ ಬೀದಿ ಖಾಲಿ ಮಾಡಿಸಿ, ಸೇನೆಯವರು ಬಂದು ಸ್ಫೋಟಿಸಿದರು. ಹೊರದೇಶದಿಂದ ಬರುವವರು ಇನ್ನೊಂದು ನೆನಪಿಡಿ: ಮೊಬೈಲಿನ ಜಿಪಿಎಸ್ಸಿಗೆ ತೊಂದರೆಯಿಲ್ಲ, ಆದರೆ ಚಾರಣಿಗರು ಒಯ್ಯುವ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣವನ್ನು ಪರವಾನಗಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಪೊಲೀಸ್ ಪ್ರಕರಣ ದಾಖಲಾದದ್ದುಂಟು.

ಕೊನೆಗೆ ದೇವಾಲಯದ ಆವರಣದೊಳಗೇ ಆಡುವುದೆಂದಾಯಿತು. ಸ್ಟೀಲಿನ ಸಣ್ಣ ಟಿಫಿನ್ ಡಬ್ಬಿ, ಒಳಗೆ ನೋಟ್ ಪುಸ್ತಕ, ಪೆನ್ಸಿಲು, ನಾಲ್ಕು ಗೋಲಿ. ಧರ್ಮೋಪದೇಶ ತರಗತಿಯ ಮಕ್ಕಳಿಗೆ ಸುಳಿವು ಕೊಟ್ಟು ಬಿಟ್ಟೆವು. ಮೊದಲ ಭಾನುವಾರ ಹನ್ನೊಂದು ಹೆಸರು ಬಂದವು. ಎರಡನೆಯ ಭಾನುವಾರ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಗುರುಮನೆಗೆ ಬಂದು ಒಂದು ಚೀಟಿ ಕೊಟ್ಟಳು. “ಮೂರು ಸಲ ಹುಡುಕಿದೆ. ಸಿಗಲಿಲ್ಲ.” ಅವಳಿಗಿಂತ ಮೊದಲು ಆರು ಜನ ಹುಡುಕಿ ಸುಮ್ಮನೆ ಮನೆಗೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಹೋಗಿ ನೋಡಿದರೆ ಕಲ್ಲಿನ ಹಿಂದೆ ಡಬ್ಬಿ ಇಲ್ಲ. ನಮ್ಮ ಅಡುಗೆಯವರು ಯಾವುದೋ ಮಗು ಮರೆತುಹೋದ ಡಬ್ಬಿಯೆಂದು ಒಳಗೆ ತಂದು, ಚೆನ್ನಾಗಿ ತೊಳೆದು, ಉಪ್ಪಿನಕಾಯಿ ತುಂಬಿಸಿಟ್ಟಿದ್ದರು.